ವಿಮಾನದ ಫಕ್ಕೀರಪ್ಪ
ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಎದುರು ರೇವವ್ವನ ಚಹಾದಂಗಡಿಯಲ್ಲಿ ಹೊಸಬರು ಕೂತರೆ ಸಾಕು, ಫಕ್ಕೀರಪ್ಪ ಕಾಕಾ ಬೆಂಚಿನ ಮೇಲೆ ಸರಿದು ಸರಿದು ಬಾಜೂಕ್ಕೆ ಬರುತ್ತಾರೆ. ಎಂಜಿನ್ ಕೆಟ್ಟು ತರಬೇತಿ ವಿಮಾನವೊಂದು ಬಿದ್ದದ್ದು ಅವರ ಕಡಲೆ ಹೊಲದಲ್ಲಿ. “ನಮ್ಮ ಟ್ರ್ಯಾಕ್ಟರ್ ಕೆಮ್ಮಿದಂಗ ಕೆಮ್ಮಿತ್ರಿ, ಆಮ್ಯಾಲ ಗಪ್ಪಾತು” ಎಂದು ತಾವೇ ಕೆಮ್ಮಿ ತೋರಿಸುತ್ತಾರೆ. ಎದುರಿನವರ ಚಹಾ ಆರಿದರೂ ಬಿಡುವುದಿಲ್ಲ. ಎರಡು ಸೀಟಿನ ಆ ವಿಮಾನ ಮೊದಲು ಜೀಪಿನಷ್ಟಿತ್ತು, ಈಗ ಗದಗ ಬಸ್ಸಿಗಿಂತ ಉದ್ದವಾಗಿದೆ. ರೆಕ್ಕೆ ಬಡಿದು ಮುರಿದ ಬೇವಿನ ಮರ ಒಮ್ಮೊಮ್ಮೆ ಮೂರಾಗುತ್ತದೆ. ಕೊನೆ ಮಾತ್ರ ಬದಲಾಗುವುದಿಲ್ಲ. ವಿಮಾನ ನಡೆಸುತ್ತಿದ್ದ ಹುಡುಗಿ ಯಾವ ಸೀಮೆಯವಳೋ, ಇವರ ಕಥೆಯಲ್ಲಿ ಅಚ್ಚ ನಮ್ಮ ಕನ್ನಡ ಆಡುತ್ತಾಳೆ. ಇಳಿದು, ಇವರ ತಂಬಿಗೆಯ ನೀರು ಕುಡಿದು, “ಬರ್ತೀನ್ರಿ ಕಾಕಾ” ಎಂದು ಬದುವಿನ ಮೇಲೆ ನಡೆದು ಹೋಗುತ್ತಾಳೆ. “ಹೊಲಕ್ಕ ಬಂದಾಕಿ ನೀರ ಕುಡೀಲಾರದ ಹೋಗಬಾರದ್ರಿ” ಎನ್ನುತ್ತಾರೆ ಕಾಕಾ. ಅವರು ತಂಬಿಗೆಯನ್ನು ಆಕೆಯ ತುಟಿಗೆ ಹಿಡಿಯುವಷ್ಟರಲ್ಲೇ ಜೀವ ಹೋಗಿತ್ತೆಂಬುದು ಊರಿಗೆಲ್ಲ ಗೊತ್ತು. ಹೊಸಬರು ಅನುಮಾನದಿಂದ ರೇವವ್ವನ ಕಡೆ ನೋಡಿದರೆ, ಆಕೆ ಚಹಾ ಸೋಸುತ್ತಲೇ ಹೇಳುತ್ತಾಳೆ: “ಹೌದ್ರಿ, ತಂಬಿಗಿ ಖಾಲಿ ಮಾಡಿದ್ಲು.”