ಹದಿನಾಲ್ಕನೇ ನಂಬರಿನ ಮೀನು

ಆ ಮೀನುಗಾರರ ಕೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಹೆಂಡತಿಯ ಮನೆಗೆ ಬಂದು ನೆಲೆಸಿದ ಮನೆ ಅಳಿಯನಾದ್ದರಿಂದ ಮಾವನಿಗಷ್ಟೇ ಅಲ್ಲ, ಇಡೀ ಕೇರಿಗೇ ಅವನು ಅಳಿಯ. ಅಂಗಡಿಯವನಿಗೂ ಅಳಿಯ, ಅಂಚೆಯವನಿಗೂ ಅಳಿಯ. ಮಾವನದು ಸ್ವಂತ ದೋಣಿ, ಸ್ವಂತ ಬಲೆ. ಆದರೆ ಚುಕ್ಕಾಣಿಯನ್ನು ಇನ್ನೊಬ್ಬರ ಕೈಗೆ ಕೊಡುವ ಆಸಾಮಿಯಲ್ಲ. ಎರಡು ವರ್ಷ ಬಲೆ ಎಳೆದು, ಬೈಸಿಕೊಂಡು ಸಾಕಾದ ಅಳಿಯ ಕೊನೆಗೆ ನದಿಯ ಆಚೆ ದಡದ ಸಂಶೋಧನಾ ಕೇಂದ್ರದಲ್ಲಿ ದೋಣಿ ಓಡಿಸುವ ಕೆಲಸ ಹಿಡಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿತ್ತು. ಆದರೂ ಅಲ್ಲಿನ ಮೇಡಂ ಒಂದೇ ವಾರದಲ್ಲಿ "ಅಳಿಯನವರೇ" ಎನ್ನತೊಡಗಿದರು.

ಮೇಡಂ ಹನ್ನೊಂದು ವರ್ಷದಿಂದ ಆ ನದಿಯ ಗರಗಸ ಮೀನುಗಳ ಬೆನ್ನು ಹತ್ತಿದವರು. ಮೂತಿಯ ಮುಂದೆ, ಎರಡೂ ಬದಿಗೆ ಹಲ್ಲಿರುವ ಗರಗಸ ಹೊತ್ತೇ ಹುಟ್ಟುವ ಮೀನು ಅದು. ಆ ಗರಗಸವೇ ಅದಕ್ಕೆ ಶತ್ರು. ಬಲೆಗೆ ತಗುಲಿದರೆ ಬಿಡಿಸಲು ಬಾರದು. ಬಲೆ ಕತ್ತರಿಸಬೇಕು, ಇಲ್ಲವೇ ಮೀನನ್ನು. ಎಲ್ಲರೂ ಮೀನನ್ನೇ ಕತ್ತರಿಸುತ್ತ ಬಂದು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಕೊಂದರೆ ದೋಣಿಯ ಪರವಾನಗಿ ಹೋಗುತ್ತದೆ, ಜೈಲೂ ಆಗಬಹುದು.

ಸಿಕ್ಕ ಒಂದೊಂದು ಮೀನಿನ ಹೊಟ್ಟೆಯೊಳಗೂ ಮೇಡಂ ಹೆಬ್ಬೆರಳು ಗಾತ್ರದ ಕಪ್ಪು ಟ್ಯಾಗ್ ಇಟ್ಟು, ಹೊಲಿದು, ನದಿಗೆ ಬಿಡುತ್ತಿದ್ದರು. ನೀರಿನೊಳಗೆ ಅದು ನಿಮಿಷಕ್ಕೊಮ್ಮೆ ಸದ್ದು ಮಾಡುತ್ತದೆ. ನದಿಯಲ್ಲಿ ಐದು ಕಡೆ ಮುಳುಗಿಸಿಟ್ಟ ರಿಸೀವರುಗಳು ಅದನ್ನು ಕೇಳಿಸಿಕೊಂಡು, ಯಾವ ನಂಬರಿನ ಮೀನು ಯಾವಾಗ ಹತ್ತಿರ ಸುಳಿಯಿತೆಂದು ದಾಖಲಿಸುತ್ತವೆ. ಹದಿನಾಲ್ಕನೇ ನಂಬರಿನದು ಒಂದು ಹೆಣ್ಣು ಮರಿ. ಹೊಲಿಗೆ ಹಾಕುವಾಗ, ಒದ್ದೆ ಬಟ್ಟೆ ಸುತ್ತಿದ ಅದರ ಗರಗಸವನ್ನು ಅಲುಗದಂತೆ ಹಿಡಿದವನು ಅಳಿಯನೇ. "ಹೋಗಮ್ಮ, ಬಲೆ ಕಡೆ ಮಾತ್ರ ಹೋಗ್ಬೇಡ," ಎಂದು ನೀರಿಗೆ ಬಿಟ್ಟಿದ್ದ.

ಎರಡು ತಿಂಗಳಾದ ಮೇಲೆ, ಹಗ್ಗ ಹುಡುಕಲು ಅಟ್ಟ ಹತ್ತಿದವನ ಅಂಗೈಗೆ ಗೋಣಿಚೀಲದೊಳಗಿನ ಏನೋ ಚುಚ್ಚಿತು. ಬಿಚ್ಚಿದರೆ ಗರಗಸ. ಹಸಿ ವಾಸನೆ ಇನ್ನೂ ಹೋಗಿರಲಿಲ್ಲ.

"ಸಿಕ್ತಾ ಹಗ್ಗ?" ಕೆಳಗಿನಿಂದ ಹೆಂಡತಿ ಕೇಳಿದಳು.

"ಇದು ಯಾವಾಗಿನದು?"

ಅವಳು ಒಲೆಯ ಕಡೆ ತಿರುಗಿದಳು. "ಹೋದ ಸೋಮವಾರದ್ದು. ಬಲೆಯನ್ನೆಲ್ಲ ಸುತ್ತಿಕೊಂಡುಬಿಟ್ಟಿತ್ತಂತೆ. ಅಪ್ಪ ತಾನೇ ಏನು ಮಾಡ್ಬೇಕಿತ್ತು?"

"ಮಾಂಸ ಎಲ್ಲಿ ಹೋಯ್ತು?"

"ಎರಡು ದಿನ ನೀವೇ ತಿಂದ್ರಲ್ಲ. ಮುಳ್ಳೇ ಇಲ್ಲ, ಚೆನ್ನಾಗಿದೆ ಅಂದ್ರಿ."

ಅಳಿಯ ಏಣಿಯ ಮೇಲೆಯೇ ಕುಳಿತ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ ಎನ್ನುತ್ತಾರೆ. ಅವನು ಆಗಲೇ ನುಂಗಿ ಆಗಿತ್ತು.

ತಿಂಗಳ ಕೊನೆಗೆ ರಿಸೀವರುಗಳನ್ನು ಎತ್ತಿ ಕೇಂದ್ರಕ್ಕೆ ತಂದ. ಮೇಡಂ ಕಂಪ್ಯೂಟರ್ ಮುಂದೆ ಕುಳಿತಿದ್ದವರು ಕೈ ಬೀಸಿ ಕರೆದರು. "ಅಳಿಯನವರೇ, ಬನ್ನಿ ಇಲ್ಲಿ. ಹದಿನಾಲ್ಕು ನಿಮ್ಮ ಕೇರಿ ಧಕ್ಕೆ ಬಿಟ್ಟು ಕದಲೇ ಇಲ್ಲ. ಇಪ್ಪತ್ತೆರಡು ದಿನದಿಂದ ಅಲ್ಲೇ ಇದೆ."

ಅಳಿಯನಿಗೆ ತಕ್ಷಣ ಹೊಳೆಯಿತು. ಮಾವ ದೋಣಿ ಕಟ್ಟುವ ಧಕ್ಕೆಯ ಹಲಗೆಯ ಮೇಲೆಯೇ ಮೀನು ಸೀಳಿ, ಕರುಳನ್ನು ಕೆಳಗಿನ ನೀರಿಗೆ ಎಸೆದಿದ್ದಾನೆ. ಕರುಳಿನ ಜೊತೆ ಟ್ಯಾಗೂ ಹೋಗಿದೆ.

"ಮರಿಗಳು ಬೆಳೆಯೋ ಜಾಗ ಇರ್ಬೇಕು ಅದು," ಎಂದರು ಮೇಡಂ. "ಇನ್ನೊಂದು ತಿಂಗಳು ಹೀಗೇ ಇದ್ರೆ ಇಲಾಖೆಗೆ ಬರೀತೀನಿ. ಅಲ್ಲಿ ಬಲೆ ಹಾಕೋದು ನಿಲ್ಲಿಸ್ಲಿ."

ಹೇಳಿದರೆ ಮಾವ ಜೈಲಿಗೆ, ಹೇಳದಿದ್ದರೆ ಕೇರಿಯ ಬಲೆಗಳೆಲ್ಲ ದಡಕ್ಕೆ. ಅಳಿಯನ ಬಾಯಿಂದ ಹೊರಟದ್ದು "ಹೂಂ ಮೇಡಂ" ಎಂಬುದೊಂದೇ.

ಸಂಜೆ ಮಾವ ಬಾಗಿಲ ಬಳಿ ಬಲೆಯ ಹರುಕು ಹೆಣೆಯುತ್ತಿದ್ದ. ಎಲ್ಲ ಕೇಳಿ, ತಲೆ ಎತ್ತದೆಯೇ ಅಂದ: "ಸತ್ತ ಮೀನು ಮಾತಾಡುತ್ತೆ ಅಂತೀಯಾ?"

"ಟ್ಯಾಗ್ ಮಾತಾಡುತ್ತೆ ಮಾವ."

"ಹಾಗಾದ್ರೆ ಅದರ ಬಾಯಿ ಮುಚ್ಚಿಸು. ಅದರ ಸಂಬಳ ತಾನೇ ನೀನು ತಿನ್ನೋದು."

ಮರುದಿನ ಬೆಳಿಗ್ಗೆ ನೀರಿಳಿದ ಹೊತ್ತಿನಲ್ಲಿ ಅಳಿಯ, ಟ್ಯಾಗಿನ ಸದ್ದು ಹುಡುಕುವ ಯಂತ್ರವನ್ನು ಕಿವಿಗೆ ಹಾಕಿಕೊಂಡು ಧಕ್ಕೆಯ ಕೆಳಗೆ ಸೊಂಟದ ಮಟ್ಟಕ್ಕೆ ಇಳಿದ. ಮುಳ್ಳು, ಪೊರೆ, ಒಡೆದ ಸೀಸೆಗಳ ಕೆಸರಿನಲ್ಲಿ ಮೂರು ಗಂಟೆ ತಡಕಾಡಿದ ಮೇಲೆ ಸಿಕ್ಕಿತು. ಜಜ್ಜಿಬಿಡೋಣವೆಂದು ಕಲ್ಲನ್ನೂ ಎತ್ತಿದ. ಆದರೆ ಮೀನು ಧಕ್ಕೆಯಲ್ಲೇ ಕಾಣೆಯಾಯಿತೆಂದು ತಿಳಿದರೆ ಮೇಡಂ ಮನೆಮನೆ ವಿಚಾರಿಸದೆ ಬಿಡುವವರಲ್ಲ. ಅದೇ ಮೀನು ತಾನಾಗಿ ಹರಿವಿಗೆ ಎದುರಾಗಿ ನದಿಯ ಮೇಲಕ್ಕೆ ಈಜಿಕೊಂಡು ಹೋದರೆ ಯಾರಿಗೂ ತಂಟೆಯಿಲ್ಲ. ಟ್ಯಾಗಿಗೆ ಬಲೆಯ ಸೀಸದ ಗುಂಡು ಕಟ್ಟಿ, ಮೇಲಿನ ರಿಸೀವರಿನ ಹತ್ತಿರ ನೀರಿಗಿಳಿಸಿ, ದಾರದ ತುದಿಯನ್ನು ದಡದ ಬೇರೊಂದಕ್ಕೆ ಬಿಗಿದ.

ಒಂದೇ ಸಲ ಸಾಕೆಂದುಕೊಂಡಿದ್ದ. ಆದರೆ ಬದುಕಿರುವ ಮೀನು ನಿಂತಲ್ಲೇ ನಿಲ್ಲುವುದುಂಟೇ? ಎರಡು ಮೂರು ದಿನಕ್ಕೊಮ್ಮೆ ದಾರ ಬಿಚ್ಚಿ, ಟ್ಯಾಗನ್ನು ನದಿಯ ಒಂದು ಬಾಗಿನಿಂದ ಇನ್ನೊಂದು ಬಾಗಿಗೆ ಒಯ್ಯಬೇಕಾಯಿತು. ಮೇಡಂ ಹಿಗ್ಗಿದರು. ಗೋಡೆಯ ನಕ್ಷೆಯಲ್ಲಿ ಗುಂಡುಸೂಜಿ ಚುಚ್ಚಿ, "ಇಷ್ಟು ಮೇಲಕ್ಕೆ ಒಂದು ಮೀನೂ ಹೋದದ್ದಿಲ್ಲ ಅಳಿಯನವರೇ," ಎಂದು ಬೇರೆ ಬೇರೆ ದೇಶದವರಿಗೆ ಪತ್ರ ಬರೆದರು. ಅವರು ಹಿಗ್ಗಿದಷ್ಟೂ ಅವನು ಕುಗ್ಗಿದ. ತಂಗಿಗೆ ಹೆರಿಗೆಯಾದರೂ ಮಗುವನ್ನು ನೋಡಲು ಹೋಗಲಿಲ್ಲ. ಹೋದರೆ ಮೀನು ಓಡಾಡಿಸುವವರು ಯಾರು? ಮಾವನ ದೋಣಿಯಲ್ಲಿದ್ದಾಗ ಒಬ್ಬನೇ ಯಜಮಾನನಿದ್ದ. ಈಗ ಮಾವ, ಮೇಡಂ, ಸತ್ತ ಮೀನು ಸೇರಿ ಮೂವರು. ಜ್ವರ ಬಂದು ಅವನು ಮಲಗಿದ ಆರು ದಿನ ಮೀನೂ ಮಲಗಿತು.

ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ನಡುನೀರಿನಲ್ಲಿ ಮೇಡಂ ಎಂಜಿನ್ ನಿಲ್ಲಿಸಲು ಹೇಳಿದರು.

"ಹದಿನಾಲ್ಕು ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ ಜಾಗ ಬದಲಿಸುತ್ತೆ," ಎಂದರು ನಿಧಾನವಾಗಿ. "ಭಾನುವಾರ ರಜಾ ತಗೊಳ್ಳುತ್ತೆ. ನಿಮಗೆ ಜ್ವರ ಬಂದಾಗ ಅದಕ್ಕೂ ಬಂತು."

ಅಳಿಯ ಚುಕ್ಕಾಣಿ ಹಿಡಿದೇ ಇದ್ದ. ಎದ್ದು ಹೋಗೋಣವೆಂದರೆ ಸುತ್ತಲೂ ನೀರು.

"ಯಾವಾಗ ಸತ್ತಿದ್ದು?"

ಹೇಳಿದ. ಗರಗಸದ್ದು, ಧಕ್ಕೆಯದು, ದಾರದ್ದು, ಎಲ್ಲವನ್ನೂ. ಕೊಂದವರು ಯಾರೆಂದು ಮಾತ್ರ ಹೇಳದೆ, "ನಾನೂ ತಿಂದೆ ಮೇಡಂ," ಎಂದ.

ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಹನ್ನೊಂದು ವರ್ಷದ ಮಾತನ್ನ ಇನ್ನು ಯಾರು ನಂಬ್ತಾರೆ," ಎಂದಷ್ಟೇ ಹೇಳಿದರು. ಆಮೇಲೆ, "ಗರಗಸ ಇದೆಯಲ್ಲ, ಅದನ್ನಾದ್ರೂ ಅಳೀಬೇಕು," ಎಂದರು.

ಮಾವ ರೇಗುತ್ತಾನೆಂದುಕೊಂಡರೆ, "ಬರ್ಲಿ ಬಿಡು," ಎಂದ. ಮೇಡಂ ಬಂದು ನೆಲದ ಮೇಲೆ ಕುಳಿತು, ಹಲ್ಲು ಎಣಿಸಿ, ಅಳೆದು ಬರೆದುಕೊಂಡರು. ಅವರ ಕೈಚಳಕ ನೋಡುತ್ತಿದ್ದ ಮಾವನಿಗೆ ಏನನ್ನಿಸಿತೋ, ಕೇಳದೆಯೇ ಬಾಯಿ ಬಿಟ್ಟ. ಯಾವ ಬಾಗಿನಲ್ಲಿ, ಎಷ್ಟು ಆಳದಲ್ಲಿ, ನೀರು ಏರುವಾಗಲೋ ಇಳಿಯುವಾಗಲೋ, ಎಲ್ಲವನ್ನೂ ಬಿಡಿಸಿ ಹೇಳಿದ.

"ಇದೊಂದೇ ಅಲ್ಲಮ್ಮ, ಇನ್ನೆರಡು ಚಿಕ್ಕವು ಆಚೆ ಆಡ್ತಿದ್ವು. ವರ್ಷಾ ವರ್ಷಾ ಅದೇ ಮೂರು ತಿಂಗಳು ಅಲ್ಲಿ ಮರಿ ಕಾಣ್ತವೆ. ನಲವತ್ತು ವರ್ಷದಿಂದ ನೋಡಿದೀನಿ. ನಿಮ್ಮ ಯಂತ್ರಕ್ಕೇನು ಗೊತ್ತು?"

ಮೇಡಂ ಐದು ತಿಂಗಳ ಸುಳ್ಳನ್ನು ಹೊಡೆದುಹಾಕಿ, ಮೀನು ಸತ್ತಿತೆಂದು ವರದಿ ಕಳಿಸಿದರು. ಯಾರ ಹೆಸರೂ ಅದರಲ್ಲಿರಲಿಲ್ಲ. ಆದರೆ ಮಾವ ಹೇಳಿದ ಆ ಬಾಗು, ಆ ಮೂರು ತಿಂಗಳು ಇದ್ದವು. ಮುಂದಿನ ವರ್ಷ ಧಕ್ಕೆಯ ಕಂಬಕ್ಕೆ ಇಲಾಖೆಯ ಹಲಗೆ ಬಿತ್ತು: ಕೇರಿಯವರೆಲ್ಲ ಬಲೆ ಹಾಕುವ ಆ ಬಾಗಿನಲ್ಲಿ ಆ ಮೂರು ತಿಂಗಳು ಬಲೆ ಇಳಿಸುವಂತಿಲ್ಲ.

ಕೇರಿಯವರು ಅಳಿಯನನ್ನು ಹೊಡೆಯಲಿಲ್ಲ, ಮಾತು ಬಿಟ್ಟರು. ಹತ್ತು ವರ್ಷದಿಂದ "ನೀನು" ಎನ್ನುತ್ತಿದ್ದ ಮಾವ "ನೀವು" ಎನ್ನತೊಡಗಿದ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಅಳಿಯ ಕೆಲಸ ಬಿಡುವ ಪತ್ರ ಬರೆದುಕೊಂಡು ಹೋದರೆ ಮೇಡಂ ಮಡಿಸಿ ವಾಪಸು ಕೊಟ್ಟರು. "ಸುಳ್ಳು ಎಲ್ಲೆಲ್ಲಿ ಕಟ್ಟಿದೀರಿ ಅಂತ ನಿಮಗೊಬ್ಬರಿಗೇ ಗೊತ್ತು. ಮಿಕ್ಕ ಮೀನುಗಳ ಲೆಕ್ಕ ಸರಿಯಾಗೋವರೆಗೂ ಇರಿ." ಮನೆಯಲ್ಲಿ ಹೆಂಡತಿ, "ಅಪ್ಪನ ದೋಣಿ ದಡ ಹತ್ತಿದೆ. ನೀವೂ ಕೂತ್ರೆ ಒಲೆ ಉರಿಯೋದು ಹೇಗೆ?" ಎಂದಳು.

ಈಗ ಅವನು ಕೆಲಸದಿಂದ ಬರುವ ಹೊತ್ತಿಗೆ ಮಾವ ಕವುಚಿಟ್ಟ ದೋಣಿಯ ಮೇಲೆ, ಕಾಲನ್ನು ದಾರಿಗೆ ಅಡ್ಡ ಚಾಚಿ ಕುಳಿತಿರುತ್ತಾನೆ. ಮನೆಗೆ ಬೇರೆ ದಾರಿಯಿಲ್ಲ.

"ಎಷ್ಟು ಕೇಳಿಸಿದ್ವು?" ಮೊನ್ನೆ ಕೇಳಿದ.

"ಎರಡು, ಮಾವ. ಆ ಬಾಗಿನಲ್ಲೇ."

"ನಿಜವಾದವೋ, ನೀವು ಕಟ್ಟಿದವೋ?"

"ನಿಜವಾದವು."

ಮಾವ ಕಾಲನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟ.