ಬ್ಯಾಡಗಿಯವರಿಗೆ ಹತ್ತದ ಘಾಟು

ಮೆಹನಾಜಳಿಗೆ ಇಂಗ್ಲಿಷಿನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಅದನ್ನು ಗಿಣಿಪಾಠ ಮಾಡಿಸುವವರ ಮೇಲೆ. ಬ್ಯಾಡಗಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಅವಳು ಇಂಗ್ಲಿಷ್ ಟೀಚರ್. ಬೇಸಿಗೆ ರಜೆ ಬಂದರೆ ಮಕ್ಕಳ ಜೊತೆ ಅವಳ ಪಗಾರವೂ ರಜೆ ಹೋಗುತ್ತಿತ್ತು, ಅಂಥ ಕೆಲಸ.

ಆ ವರ್ಷ ಅವಳ ತಲೆ ತಿಂದದ್ದು ಒಂದೇ ಪಾಠ. ಒಂದು ಕೆಲಸವನ್ನು ಹೇಗೆ ಮಾಡಿದರು ಎಂದು ಹೇಳಲು ಇಂಗ್ಲಿಷಿನವರು ಎರಡು ಮೂರು ಸಣ್ಣ ಪದ ಜೋಡಿಸುತ್ತಾರೆ. ವಿತ್ ಕೇರ್, ಇನ್ ಎ ಹರಿ, ವಿದೌಟ್ ಎ ಸೌಂಡ್. ನಮ್ಮಲ್ಲಾದರೆ ಪದದ ಬೆನ್ನಿಗೆ ಒಂದು ‘ಇಂದ’ ಹಚ್ಚಿದರೆ ಮುಗಿಯಿತು, ಇಲ್ಲವೇ ‘ಲಗುಲಗು’ ಎಂದು ಎರಡು ಸಲ ಅಂದರಾಯಿತು. ಅವರದು ಪದದ ಮುಂದೆ ಬಂದು ನಿಲ್ಲುತ್ತದೆ. ಕಾಳಜಿಗೆ ವಿತ್, ಗಡಿಬಿಡಿಗೆ ಇನ್. ಯಾಕೆ ಎಂದು ಕೇಳುವ ಹಾಗಿಲ್ಲ. ಮಕ್ಕಳು ಕೇಳುತ್ತಲೂ ಇರಲಿಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಿ ಒಪ್ಪಿಸಿಬಿಡುತ್ತಿದ್ದವು. ಪಾಠದ ಹುಡುಗಿ ಬಾಗಿಲು ತೆರೆದದ್ದು ಹೇಗೆ ಎಂದು ಕೇಳಿದರೆ ಮಾತ್ರ ಇಡೀ ವರ್ಗ ಫ್ಯಾನಿನ ಕಡೆ ನೋಡುತ್ತಿತ್ತು. ತಿಂಗಳುಗಟ್ಟಲೆ ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಉಪಾಯ ಮನೆಯಲ್ಲೇ ಬಿದ್ದಿತ್ತು. ತಾಯಿ ಹುಸೇನಬಿ ವ್ಯಾಪಾರಿಗಳ ಮೆಣಸಿನಕಾಯಿ ಮನೆಗೆ ತಂದು ತುಂಬು ಮುರಿಯುವಾಕೆ. ತುಂಬು ಎಂದರೆ ಕಾಯಿಯ ತೊಟ್ಟು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಇದೇ ಕೆಲಸ. ಪಡಸಾಲೆಯಲ್ಲಿ ಸದಾ ಒಂದು ಕೆಂಪು ರಾಶಿ, ಅದರ ಪಕ್ಕದಲ್ಲೇ ಊಟ, ಓದು, ನಿದ್ದೆ. ಒಂದು ದಿನ ಪಕ್ಕದ ಮನೆಯ ಹುಡುಗಿಗೆ ಹುಸೇನಬಿ, ಗಡಿಬಿಡಿ ಮಾಡಿದರೆ ಕಾಯಿ ಒಡೆಯುತ್ತದೆ, ಹಗೂರಕ ಮುರಿ ಎಂದು ಹೇಳಿಕೊಡುತ್ತಿದ್ದಳು. ಹೇಳುತ್ತಲೇ ಗೋಡೆಯ ಕಡೆ ತಿರುಗಿ, ಬಾಯಿಗೆ ಸೆರಗು ಹಿಡಿದು, ಮತ್ತೆ ಈ ಕಡೆ ತಿರುಗಿದಳು. ಮೆಹನಾಜಳ ಲಕ್ಷ್ಯವೆಲ್ಲ ಆ ಮಾತಿನ ಮೇಲಿತ್ತು. ಇದೇ ತಾನೇ ನನ್ನ ಪಾಠ ಎಂದು ಅವಳು ಎದ್ದು ನಿಂತಳು.

ಮರುದಿನ ಒಂದು ಪುಟ್ಟಿ ಕಾಯಿ ಶಾಲೆಗೆ ಹೋಯಿತು. ವಿತ್ ಕೇರ್ ಎಂದರೆ ಮಕ್ಕಳು ಮೆಲ್ಲಗೆ ಮುರಿಯಬೇಕು, ಇನ್ ಎ ಹರಿ ಎಂದರೆ ಪಟಪಟ ಮುರಿದು ಎಸೆಯಬೇಕು, ವಿದೌಟ್ ಎ ಸೌಂಡ್ ಎಂದರೆ ಉಸಿರು ಬಿಗಿಹಿಡಿಯಬೇಕು. ಎಲ್ಲರ ಮನೆಯಲ್ಲೂ ಅದೇ ಕೆಲಸ. ನಗುತ್ತ ಮುರಿದರು, ನಗುತ್ತಲೇ ಕಲಿತರು. ಒಬ್ಬರೂ ಸೀನಲಿಲ್ಲ.

ಅದೇ ಹುರುಪಿನಲ್ಲಿ ಅವಳು ಹಾವೇರಿಯ ಒಂದು ದೊಡ್ಡ ವಸತಿ ಶಾಲೆಗೆ ಅರ್ಜಿ ಹಾಕಿದಳು. ಕಾಯಂ ಕೆಲಸ. ಮಾದರಿ ಪಾಠ ಮಾಡಿ ತೋರಿಸಲು ಕರೆ ಬಂದ ದಿನ ಹುಸೇನಬಿ ಹೇಳಿದ್ದು ಒಂದೇ ಮಾತು: “ನಿನ್ನ ನೌಕರಿ ಕಾಯಂ ಆತಂದ್ರ ನಾ ಈ ರಾಶಿ ಮುಂದಿಂದ ಏಳ್ತೇನಿ.” ಬೆರಳು ನೋಯುತ್ತವೆ, ಬೆನ್ನು ಹಿಡಿಯುತ್ತದೆ ಎಂದಷ್ಟೇ ಕಾರಣ ಕೊಟ್ಟಳು. ಆ ಪಾಠಕ್ಕೆಂದು ಚಂದದ ಕಾಯಿ ಒಂದೊಂದಾಗಿ ಆರಿಸಿ ಬುತ್ತಿಯ ಹಾಗೆ ಕಟ್ಟಿಕೊಟ್ಟಳು.

ಮಾದರಿ ಪಾಠಕ್ಕೆ ಬಂದವರು ಇಬ್ಬರೇ. ರಾಣೆಬೆನ್ನೂರಿನ ಕೊಟ್ರೇಶ ಮೊದಲು ಹೋಗಿ, ಪುಸ್ತಕದಲ್ಲಿದ್ದದ್ದನ್ನು ಓದಿದ, ಮಕ್ಕಳಿಂದ ಮೂರು ಸಲ ಅನ್ನಿಸಿದ, ಬೆವರು ಕೂಡ ಒರೆಸಿಕೊಳ್ಳದೆ ಹೊರಗೆ ಬಂದ. ಮೆಹನಾಜಳಿಗೆ ಒಳಗೊಳಗೆ ನಗು. ಇಂಥ ಗಿಣಿಪಾಠ ಸೋಲಿಸಲು ಎಷ್ಟು ಹೊತ್ತು?

ಅವಳ ಸರದಿ ಬಂತು. ಪರದೆಯ ಮೇಲೆ ಚಿತ್ರ ತೋರಿಸುವ ಕೋಣೆ ಅದು. ಕಿಟಕಿಗಳೆಲ್ಲ ಮುಚ್ಚಿದ್ದವು, ಫ್ಯಾನು ಜೋರಾಗಿ ತಿರುಗುತ್ತಿತ್ತು. ವಿತ್ ಕೇರ್ ಚೆನ್ನಾಗಿಯೇ ಆಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುಖ್ಯಗುರು ರುದ್ರಮುನಿ ತಲೆಯನ್ನೂ ಆಡಿಸಿದರು. ಇನ್ ಎ ಹರಿ ಅಂದಳು. ಮಕ್ಕಳು ಪಟಪಟ ಮುರಿದು ಎಸೆದರು, ಬೀಜ ಹಾರಿತು, ಧೂಳು ಫ್ಯಾನಿಗೆ ಎದ್ದಿತು. ಮೊದಲು ಒಬ್ಬಳು ಸೀನಿದಳು. ಆಮೇಲೆ ಇಡೀ ವರ್ಗ. ಒಬ್ಬ ಕಣ್ಣು ತಿಕ್ಕಿಕೊಂಡು ಅಳತೊಡಗಿದ. ರುದ್ರಮುನಿಯವರು ಕೆಮ್ಮುತ್ತ ಬಾಗಿಲು ಹುಡುಕಿದರು. ಆ ಗದ್ದಲದ ನಡುವೆ ಏನೂ ಆಗದೆ ನಿಂತವಳು ಮೆಹನಾಜ ಒಬ್ಬಳೇ. ಇವರಿಗೆಲ್ಲ ಏನಾಗಿದೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಕೋಣೆಯ ಹೊರಗೆ ಓಸರಿಯಲ್ಲಿ ರುದ್ರಮುನಿ ಕಣ್ಣೊರೆಸಿಕೊಂಡರು. “ಮಕ್ಕಳಿಗೆ ಪಾಠ ತಿಳೀತ್ರಿ ಮೇಡಂ, ಅದರಾಗ ಎರಡು ಮಾತಿಲ್ಲ. ಆದ್ರ ಕಲಿಸೋ ರೀತಿನೂ ನೋಡ್ಬೇಕಾಕೈತ್ರಿ.”

“ಬ್ಯಾಡಗಿ ಕಾಯಿಗೆ ಖಾರ ಇರೂದಿಲ್ರಿ ಸರ್. ನಮ್ಮೂರಾಗ ಯಾರಿಗೂ ಘಾಟು ಹತ್ತೂದಿಲ್ಲ.”

ಅವರು ಕೈಮುಗಿದು ಕಳಿಸಿಕೊಟ್ಟರು. ಅವಳು ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಫೋನಿಗೆ ಸಂದೇಶ ಬಂದಿತ್ತು. ಕೊಟ್ರೇಶನನ್ನು ತೆಗೆದುಕೊಂಡಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ಮೆಣಸಿನಕಾಯಿಯ ದೆಸೆಯಿಂದ. ದಾರಿಯುದ್ದಕ್ಕೂ ಅವಳು ಹಾವೇರಿಯವರನ್ನು ಬಯ್ದಳು, ಕೊಟ್ರೇಶನನ್ನು ಬಯ್ದಳು, ವಿತ್ತನ್ನೂ ಇನ್ನನ್ನೂ ಮಾಡಿಟ್ಟವರ ವಂಶವನ್ನೇ ಬಯ್ದಳು.

ಮನೆಯಲ್ಲಿ ಹುಸೇನಬಿ ರಾಶಿಯ ಮುಂದೆಯೇ ಇದ್ದಳು. ಹೆಂಗಾತು ಎಂದು ಕೇಳಿದಳು. ಅವರ ಮನೆಯಲ್ಲಿ ಉರ್ದು, ಕನ್ನಡ ಎರಡೂ ನಡೆಯುತ್ತಿದ್ದವು, ಸಿಟ್ಟು ಬಂದರೆ ಮಾತ್ರ ಮೆಹನಾಜಳಿಗೆ ಕನ್ನಡವೇ ಆಗಬೇಕು. ಆದದ್ದನ್ನೆಲ್ಲ ಕಾರಿಕೊಂಡಳು. ಇಷ್ಟೇ ಇಷ್ಟು ಧೂಳಿಗೆ ಇಡೀ ವರ್ಗ ಪ್ರಾಣ ಹೋದ ಹಾಗೆ ಕೆಮ್ಮಿತು, ಅಷ್ಟು ದೊಡ್ಡ ಮನುಷ್ಯ ಬಾಗಿಲು ಸಿಗದೆ ಒದ್ದಾಡಿದ ಎಂದು ಕೈ ತಿರುವಿ ತೋರಿಸಿದಳು.

ಹುಸೇನಬಿಗೆ ನಗು ಬಂತು. ನಗು ಕೆಮ್ಮಾಯಿತು. ಅವಳು ಎಂದಿನಂತೆ ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೆನ್ನು ಅಲುಗಾಡಿತು, ಸದ್ದು ಬರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದ ಬೆನ್ನು ಅದು. ಹಾವೇರಿಯ ಮಕ್ಕಳು ಕೆಮ್ಮಿದ ಕೆಮ್ಮೇ ಅದು, ಬಾಯಿ ಕಟ್ಟಿತ್ತು ಅಷ್ಟೇ. ಮೆಹನಾಜಳ ಸಿಟ್ಟು ನಿಂತಲ್ಲೇ ನಿಂತಿತು.

“ಅಮ್ಮೀ, ನಿನಗ ಘಾಟು ಹತ್ತತೈತೇನು?”

“ಹತ್ತದ ಏನ್ ಮಾಡೀತು ಬೇಟಾ. ದಿನಾ ಹತ್ತತೈತಿ.”

“ಮತ್ತ ಒಂದಿನಾನೂ ಹೇಳಲಿಲ್ಲ?”

ಹುಸೇನಬಿ ಕಣ್ಣೊರೆಸಿಕೊಂಡು ರಾಶಿಯ ಕಡೆ ತಿರುಗಿದಳು. “ಕೆಮ್ಮಾಕಿಗೆ ಯಾವ ವ್ಯಾಪಾರಿ ಮುರ್ಯಾಕ ಕಾಯಿ ಕೊಡ್ತಾನ?” ಎಂದು, ನಾಳೆ ಬೆಳಿಗ್ಗೆ ಕೊಡಬೇಕಾದ ಕಾಯಿ ಇನ್ನೂ ಇಷ್ಟು ಉಳಿದಿದೆಯೆಂದು ತೋರಿಸಿ, ಒಂದನ್ನು ಎತ್ತಿಕೊಂಡು ಹಗೂರಕ ತುಂಬು ಮುರಿದಳು.