ಕಾಕು ಹಿಡಿದ ಸೀಟು

ಕಾಕುವಿನ ಬಲಗೈ ಎಡಗೈಗಿಂತ ಒಂದು ಬೆರಳು ಉದ್ದ ಎಂದು ಚಿಕ್ಕವನಿದ್ದಾಗ ನಾನು ನಂಬಿದ್ದೆ. ಬೀದರ ಬಸ್‌ಸ್ಟ್ಯಾಂಡಿಗೆ ಔರಾದ ಬಸ್ಸು ಬಂದು ತಿರುಗುತ್ತಿದ್ದಂತೆ ಆಕೆ ಹಸಿರು ಬಳೆಗಳನ್ನು ಮೊಣಕೈ ಕಡೆ ಸರಿಸಿ, ತುದಿಗೆ ಗಂಟು ಹಾಕಿದ ದಸ್ತಿಯನ್ನು ಕಿಟಕಿಯೊಳಗೆ ಬೀಸಿ ಒಗೆಯುತ್ತಿದ್ದಳು. ಆ ಕರವಸ್ತ್ರ ನೆಟ್ಟಗೆ ಸೀಟಿನ ಮೇಲೆಯೇ ಬೀಳುತ್ತಿತ್ತು. ದಸ್ತಿ ಬಿದ್ದ ಸೀಟಿಗೆ ನಮ್ಮ ಕಡೆ ಯಾರೂ ಕೈ ಹಚ್ಚುವುದಿಲ್ಲ. ಜಗಳಗಂಟರೂ ಒಪ್ಪುವ ಕಾಯಿದೆ ಅದು.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಆಕೆ ಬೀದರಿನಲ್ಲಿ ನರ್ಸ್, ನಾನು ಅಲ್ಲೇ ಶಾಲೆಗೆ ಹೋಗುತ್ತಿದ್ದೆ, ಸಂಜೆ ಇಬ್ಬರೂ ಕೂಡಿ ಸಂತಪುರಕ್ಕೆ ಮರಳುತ್ತಿದ್ದೆವು. ಸಿಕ್ಕ ಸೀಟು ಯಾವಾಗಲೂ ನನಗೆ. ದಿನವಿಡೀ ವಾರ್ಡಿನಲ್ಲಿ ನಿಂತ ಕಾಲಿನ ಮೇಲೆ ಆಕೆ ಮತ್ತೆ ನಿಲ್ಲುತ್ತಿದ್ದಳು. ಕಂಡಕ್ಟರನನ್ನು ದಖನಿ ಉರ್ದುವಿನಲ್ಲಿ ಬೈಯುತ್ತಿದ್ದಳು, ನನ್ನನ್ನು ಕನ್ನಡದಲ್ಲಿ. "ನಾಚಿಕೊಂಡ್ರ ಊರ ತನಕ ನಿಂತೇ ಹೋಗಬೇಕು, ತಮ್ಮಾ" ಎನ್ನುವುದು ಆಕೆಯ ಮಾತು.

ಮುಂದೆ ಚಿಕ್ಕಪ್ಪ ತೀರಿಕೊಂಡರು, ಕಾಕು ನಿವೃತ್ತಳಾಗಿ ಬೀದರಿನ ಮೈಲೂರು ಓಣಿಯಲ್ಲಿ ನೆಲೆಸಿದಳು. ಭಾಲ್ಕಿಯ ಕಾಲೇಜಿನಲ್ಲಿ ಮೇಷ್ಟರಾಗಿದ್ದ ನನಗೆ ಪೋರ್ಚುಗಲ್ಲಿನ ಪೋರ್ಟೊ ಎಂಬ ಹಳೆ ಬಂದರಿನಲ್ಲಿ ಒಂದು ವಿಚಾರಗೋಷ್ಠಿಗೆ ಕರೆ ಬಂದಾಗ, ತಾನೂ ಬರುತ್ತೇನೆಂದು ಹಟ ಹಿಡಿದಳು. ಆಕೆಗೆ ಇದ್ದದ್ದು ಒಂದೇ ಆಸೆ, ಸಮುದ್ರ. "ಟಿವಿಯಾಗ ನೋಡೀನಿ. ಆದ್ರ ವಾಸನಿ ಬರಂಗಿಲ್ಲಲ್ಲ" ಎಂದಿದ್ದಳು.

ಗೋಷ್ಠಿ ಮುಗಿದು ಉಳಿದದ್ದು ಕೊನೆಯ ಒಂದು ದಿನ. ಸಂಜೆಗೆ ವಿಮಾನ. ಬೆಳಿಗ್ಗೆ ಹಳೆ ಚರ್ಚು, ದ್ರಾಕ್ಷಾರಸದ ಉಗ್ರಾಣ, ಕಬ್ಬಿಣದ ಸೇತುವೆ ನೋಡಿದೆವು. ನದಿಯ ಅಂಚಿನಲ್ಲೇ ಸಾಗಿ ಸಮುದ್ರದ ಬಾಯಿಗೆ ಮುಟ್ಟಿಸುವ ಹಳೆ ಟ್ರಾಮೊಂದಿತ್ತು. ನಿಲ್ದಾಣದ ಗೋಡೆಗುಂಟ ಜನ ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ನಿಂತಿದ್ದರು. ಅದು ಸರದಿಯ ಪಾಳಿ ಎಂದು ನನಗೆ ಗೊತ್ತಿತ್ತು. ಕಾಕುವಿಗೆ ಅವರು ಸುಮ್ಮನೆ ನೆರಳಿಗೆ ನಿಂತವರಂತೆ ಕಂಡರು. ಟ್ರಾಮು ಬಂತು, ಈಗ ಬಳೆಯಿಲ್ಲದ ಆ ಕೈ ಮೇಲೆದ್ದಿತು, ದಸ್ತಿ ಒಳಗೆ ಹೋಯಿತು. ನಾನು ತಡೆಯಲಿಲ್ಲ. ನಡೆದು ನಡೆದು ಕಾಲು ಸೋತಿತ್ತು, ಸೀಟು ಬೇಕಾಗಿತ್ತು.

ಪಾಳಿಯ ಮೊದಲಿಗೆ ಕೋಲು ಹಿಡಿದ ಒಬ್ಬ ಮುದುಕನಿದ್ದ. ಮೊದಲು ಹತ್ತಿದವನೂ ಅವನೇ. ಯಾರೋ ಮರೆತು ಹೋದದ್ದೆಂದು ತಿಳಿದು ದಸ್ತಿಯನ್ನು ಎತ್ತಿ, ಯಾರದೆಂದು ಎಲ್ಲರಿಗೂ ತೋರಿಸುತ್ತಿದ್ದ. ಅಷ್ಟರಲ್ಲಿ ಕಾಕು ನುಗ್ಗಿ ಬಂದು ನನ್ನನ್ನು ಆ ಸೀಟಿಗೆ ದಬ್ಬಿದಳು. ಅವನು ದಸ್ತಿಯನ್ನು ಮಡಚಿ ಆಕೆಯ ಕೈಗಿಟ್ಟು, ಪಕ್ಕದಲ್ಲಿ ಕೋಲೂರಿ ನಿಂತ. ಉಳಿದ ಸೀಟುಗಳೆಲ್ಲ ತುಂಬಿದವು. ಕಾಕು ಹೊರಗೆ ನೋಡಿದಳು. ಗೋಡೆಗುಂಟ ಇನ್ನೂ ಜನ ಹಾಗೆಯೇ ನಿಂತಿದ್ದರು.

"ಇವರೆಲ್ಲ ಪಾಳಿ ಹಚ್ಚ್ಯಾರೇನೋ?"

"ಹೌದು ಕಾಕು."

"ನಿನಗ ಗೊತ್ತಿತ್ತು?"

ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಆಕೆ ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿ, ಮುದುಕನಿಗೆ ಸೀಟು ತೋರಿಸಿ ಕೈಮುಗಿದಳು. ಅದು ಕ್ಷಮೆ ಕೇಳುವ ಕೈ. ಅವನು ನಮಸ್ಕಾರವೆಂದುಕೊಂಡು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ತಾನೂ ಕೈಮುಗಿದು ನಕ್ಕ, ಕೂಡಲಿಲ್ಲ. ಖಾಲಿ ಸೀಟಿನ ಸುತ್ತ ಮೂವರೂ ನಿಂತೇ ಹೋದೆವು. ಎರಡು ನಿಲ್ದಾಣ ಬಿಟ್ಟು ಅವನು ಇಳಿದುಹೋದ.

ಸಮುದ್ರದ ದಂಡೆಗೆ ಬಂದರೂ ಕಾಕು ಅತ್ತ ತಿರುಗಲಿಲ್ಲ. ಕಲ್ಲುಬೆಂಚಿನ ಮೇಲೆ ನೀರಿಗೆ ಬೆನ್ನು ಹಾಕಿ, ಟ್ರಾಮು ಬಂದ ದಾರಿಯನ್ನೇ ನೋಡುತ್ತ ಕೂತಳು. ನೋಡು ಕಾಕು ಎಂದು ಎಷ್ಟು ಹೇಳಿದರೂ ತಲೆ ಎತ್ತಲಿಲ್ಲ. ಹೊತ್ತಾಯಿತು, ಹೊರಟೆವು.

ಮೈಲೂರಿಗೆ ಬಂದ ಮೇಲೆ ಓಣಿಯ ಹೆಂಗಸರು ಸಮುದ್ರ ಹೇಗಿತ್ತೆಂದು ಕೇಳಿದರು. "ಎಲ್ಲಿ ನೋಡೋದ್ರಿ, ಮಾನ ಕಳಕೊಂಡು ಬಂದೆ" ಎಂದು ದಸ್ತಿಯ ಕಥೆಯನ್ನೆಲ್ಲ ಹೇಳಿ ನಗಿಸಿದಳು. ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ನಾನೂ ಅಲ್ಲೇ ಚಹಾ ಕುಡಿಯುತ್ತ ಎಲ್ಲರ ಜೊತೆ ನಕ್ಕೆ. ಅದನ್ನು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

ಹೋದ ಬೇಸಿಗೆಯಲ್ಲಿ ಆಕೆ ಹಾಸಿಗೆ ಹಿಡಿದಾಗ, ಗುಣವಾಗಲಿ, ಗೋವಾಕ್ಕೆ ಹೋಗೋಣ ಎಂದೆ. ಬೇಡವೆಂದು ಕೈ ಆಡಿಸಿ, ಅಂದು ಯಾಕೆ ಸುಮ್ಮನಿದ್ದೆ ಎಂದು ಮೊದಲ ಸಲ ಕೇಳಿದಳು.

"ಕೂತು ಹೋಗೋ ಆಸಿ ಆಗಿತ್ತು ಕಾಕು."

"ಆ ಚಟ ನಾನೇ ಹಚ್ಚೀನಿ ತಮ್ಮಾ. ತಪ್ಪು ನಂದೇ."

ಅಲ್ಲ ಕಾಕು ಎನ್ನಬೇಕಿತ್ತು. ನಾನು ಹೂಂ ಅಂದೆ. ಅದೇ ವಾರ ಆಕೆ ತೀರಿಕೊಂಡಳು, ಸಮುದ್ರ ನೋಡದೆಯೇ.